ಮುಪ್ಪಿನ ಬೆಕ್ಕು: ಅದರ ಬೇನೆ, ಅದರ ಬೇಗುದಿ

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣದೇ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಅದೇ ಬೆಕ್ಕಿಗೆ ಮುಪ್ಪು ಅಡರಿದಾಗ ಮಾತ್ರ ಈ ಗಾದೆ ತಿರುವುಮುರುವಾಗುತ್ತದೆ. ಆಗ ಕಣ್ಣು ಮುಚ್ಚಿಕೊಳ್ಳುವವರು ನಾವು. ಮೂಲೆಯಲ್ಲಿ ಮುದುಡಿ ಮಲಗಿದ ಪ್ರಾಣಿಯನ್ನು ನೋಡಿ, "ಪಾಪ, ವಯಸ್ಸಾಯಿತು" ಎಂದು ಒಂದು ಮಾತು ಹೇಳಿ ನಮ್ಮ ಕೆಲಸಕ್ಕೆ ತೆರಳುತ್ತೇವೆ. ವಯಸ್ಸು ಒಂದು ರೋಗವಲ್ಲ. ಆದರೆ ಹಲವು ರೋಗಗಳು ಅದರ ಹೆಸರಿನ ಮರೆಯಲ್ಲಿ ನಿಂತು ತಮ್ಮ ಕೆಲಸವನ್ನು ಮಾಡಿ ಮುಗಿಸುತ್ತವೆ. ಅವುಗಳಲ್ಲಿ ಕೆಲವನ್ನು ಗುಣಪಡಿಸಬಹುದು. ಉಳಿದವುಗಳ ವೇಗವನ್ನು ತಗ್ಗಿಸಬಹುದು. ಎರಡಕ್ಕೂ ಅವು ಸಕಾಲದಲ್ಲಿ ನಮ್ಮ ಕಣ್ಣಿಗೆ ಬೀಳಬೇಕು.

ಇದನ್ನು ಬರೆಯುತ್ತಿರುವ ನಾನು ಪಶುವೈದ್ಯಶಾಸ್ತ್ರವನ್ನು ಓದಿದವನಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು. ನಮ್ಮ ಮನೆಯಲ್ಲಿ ಕೆಂಚ ಎಂಬ ಬೆಕ್ಕಿದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅದು ಅಟ್ಟವನ್ನು ಹತ್ತುವುದನ್ನು ಬಿಟ್ಟಿತು. ಬಚ್ಚಲಿನ ನಲ್ಲಿಯ ಕೆಳಗೆ ನೀರಿಗಾಗಿ ಕಾದು ಕೂರತೊಡಗಿತು. ನೆಂಟರು ಬಂದರೆ ಅಕ್ಕಿಯ ಡಬ್ಬದ ಹಿಂದೆ ಅಡಗಿ, ಅವರು ಹೊರಟು ಗಂಟೆಗಳು ಕಳೆದರೂ ಹೊರಗೆ ಬರುತ್ತಿರಲಿಲ್ಲ. ಎಲ್ಲಕ್ಕೂ ಮುಪ್ಪೇ ಕಾರಣವೆಂದು ನಾವು ಸಮಾಧಾನ ತಂದುಕೊಂಡೆವು. ಒಂದು ದಿನ ಪಿ.ಯು. ತರಗತಿಯಲ್ಲಿ ಓದುತ್ತಿದ್ದ ಅಣ್ಣನ ಮಗಳು ಅದನ್ನು ಆಟಕ್ಕೆಂದು ಅಡುಗೆಮನೆಯ ತಕ್ಕಡಿಯ ಮೇಲೆ ಕೂರಿಸಿದಳು. ತೂಕ 3 ಕಿಲೋಗ್ರಾಂ 300 ಗ್ರಾಂ. ಎರಡು ವರ್ಷಗಳ ಹಿಂದೆ ಚುಚ್ಚುಮದ್ದು ಹಾಕಿಸಿದಾಗ ವೈದ್ಯರು ಚೀಟಿಯಲ್ಲಿ ಬರೆದದ್ದು 4 ಕಿಲೋಗ್ರಾಂ 400 ಗ್ರಾಂ. ದೇಹದ ಕಾಲು ಭಾಗ ನಮ್ಮ ಕಣ್ಣೆದುರಿಗೇ ಕರಗಿಹೋಗಿತ್ತು. ಅರವತ್ತು ಕಿಲೋಗ್ರಾಂ ತೂಗುವ ಮನುಷ್ಯನು ಹದಿನೈದು ಕಿಲೋಗ್ರಾಂ ಇಳಿದರೆ ಮನೆಮಂದಿಯೆಲ್ಲ ಗಾಬರಿಗೊಳ್ಳುವುದಿಲ್ಲವೆ? ಪ್ರತಿ ವರ್ಷವೂ ಮಾಪನದ ಮಹತ್ವವನ್ನು ಕುರಿತು ಮೊದಲ ಪಾಠ ಹೇಳುವ ನಾನು ನನ್ನ ಮನೆಯಲ್ಲಿ ಅಳತೆಯನ್ನೇ ಮಾಡಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಗಳ ದೌರ್ಬಲ್ಯ ಕಂಡುಬಂದಿತು. "ಇನ್ನೊಂದು ವರ್ಷ ಮೊದಲು ಕರೆತರಬೇಕಿತ್ತು" ಎಂದರು ವೈದ್ಯರು. ಈ ಲೇಖನ ಆ ಒಂದು ವರ್ಷವನ್ನು ಕುರಿತದ್ದು.

ಮೌನದ ಮೂಲ

ಬೆಕ್ಕು ತನ್ನ ನೋವನ್ನು ಏಕೆ ಮುಚ್ಚಿಡುತ್ತದೆ? ಉತ್ತರಕ್ಕಾಗಿ ಅದರ ವಂಶವೃಕ್ಷವನ್ನು ನೋಡಬೇಕು. ನಮ್ಮ ಮನೆಬೆಕ್ಕುಗಳು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಕಾಡುಬೆಕ್ಕಿನಿಂದ ಇಳಿದುಬಂದವೆಂದು 2007ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವು ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರವೂ ದೊರೆತ ಸಂಗತಿ 2004ರಲ್ಲಿ ವರದಿಯಾಯಿತು. ಸಹವಾಸವೇನೋ ಪ್ರಾಚೀನವಾದುದೇ. ಆದರೆ ನಾಯಿಯಂತೆ ಹಿಂಡಿನಲ್ಲಿ ಬಾಳಿದ ಪ್ರಾಣಿ ಅದಲ್ಲ. ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುತ್ತಿತ್ತು. ತಾನೂ ದೊಡ್ಡ ಪ್ರಾಣಿಗಳಿಗೆ ಬೇಟೆಯಾಗುತ್ತಿತ್ತು. ನೋವನ್ನು ತೋಡಿಕೊಂಡರೆ ನೆರವಿಗೆ ಬರುವ ಬಂಧುಗಳಿಲ್ಲ. ಶತ್ರುಗಳಿಗೆ ಸುಳಿವು ದೊರೆಯುತ್ತದೆ, ಅಷ್ಟೆ. ಇಂಥ ಬದುಕಿನಲ್ಲಿ ಮೌನವೇ ರಕ್ಷೆ. ಆ ಸ್ವಭಾವ ನಮ್ಮ ಅಡುಗೆಮನೆಗೂ ಬಂದಿದೆ.

ಮರುಭೂಮಿಯ ಅಂಚಿನ ಆ ಪೂರ್ವಜನಿಂದ ಬಂದ ಇನ್ನೊಂದು ಬಳುವಳಿಯೆಂದರೆ ಮೂತ್ರಪಿಂಡಗಳ ಅಸಾಧಾರಣ ಸಾಮರ್ಥ್ಯ. ಬೇಟೆಯ ಮಾಂಸದಲ್ಲಿರುವ ನೀರಿನಿಂದಲೇ ಬಹುಮಟ್ಟಿಗೆ ಜೀವಿಸುವಂತೆ ಅವು ಮೂತ್ರವನ್ನು ಗಾಢಗೊಳಿಸುತ್ತವೆ. ಬಾಯಾರಿಕೆಯೂ ಅದಕ್ಕೆ ತಕ್ಕಂತೆ ಮಂದವಾಗಿದೆ. ಯೌವನದಲ್ಲಿ ವರವಾದ ಈ ಗುಣವೇ ಮುಪ್ಪಿನಲ್ಲಿ ತೊಡಕಾಗುವುದನ್ನು ಮುಂದೆ ನೋಡೋಣ.

ಬೆಕ್ಕಿನ ಮೊದಲ ಎರಡು ವರ್ಷಗಳನ್ನು ಮನುಷ್ಯನ 24 ವರ್ಷಗಳಿಗೂ, ಅನಂತರದ ಒಂದೊಂದು ವರ್ಷವನ್ನು ನಾಲ್ಕು ವರ್ಷಗಳಿಗೂ ಸಮವೆಂದು ಎಣಿಸುವುದು ವಾಡಿಕೆ. ಈ ಲೆಕ್ಕದಲ್ಲಿ ಹತ್ತು ವರ್ಷದ ಬೆಕ್ಕು 56ರ ಹರೆಯದ್ದು. ಹದಿನೈದರದು 76ರ ವೃದ್ಧ. ಹತ್ತನ್ನು ದಾಟಿದ ಬೆಕ್ಕನ್ನು ವೈದ್ಯರು ಹಿರಿಯದೆಂದು ಪರಿಗಣಿಸುತ್ತಾರೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಬೆಕ್ಕೊಂದು 1967ರಿಂದ 2005ರವರೆಗೆ, 38 ವರ್ಷ ಬಾಳಿ ದಾಖಲೆಯನ್ನು ಸ್ಥಾಪಿಸಿತು. ಅಷ್ಟು ದೀರ್ಘಾಯುಷ್ಯ ಅಪವಾದ. ಆದರೆ ಒಳ್ಳೆಯ ಆರೈಕೆಯಲ್ಲಿ ಹದಿನೈದು ಹದಿನಾರು ವರ್ಷ ಬದುಕುವುದು ಅಪರೂಪವೇನಲ್ಲ.

ಬೇಗುದಿಯಿಂದ ಬೇನೆ, ಬೇನೆಯಿಂದ ಬೇಗುದಿ

ಮನಸ್ಸಿನ ಕಳವಳವು ದೇಹಕ್ಕೆ ತಗಲುವುದು ಮನುಷ್ಯರಲ್ಲಿ ಮಾತ್ರವೆಂದು ತಿಳಿಯುವುದು ತಪ್ಪು. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 32 ಬೆಕ್ಕುಗಳನ್ನು 77 ವಾರಗಳ ಕಾಲ ದಿನವೂ ಗಮನಿಸಿ, ತಮ್ಮ ಫಲಿತಾಂಶಗಳನ್ನು 2011ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 20ಕ್ಕೆ ಮೂತ್ರಕೋಶದ ದೀರ್ಘಕಾಲದ ಬಾಧೆಯಿತ್ತು, 12 ಆರೋಗ್ಯವಾಗಿದ್ದವು. ನೋಡಿಕೊಳ್ಳುವವರು ಬದಲಾದಾಗ, ಊಟದ ವೇಳೆ ವ್ಯತ್ಯಾಸವಾದಾಗ, ದಿನಚರಿ ಏರುಪೇರಾದಾಗ ಬೆಕ್ಕುಗಳು ವಾಂತಿ ಮಾಡಿದವು, ಆಹಾರವನ್ನು ಬಿಟ್ಟವು, ಮಲಮೂತ್ರಗಳ ಕ್ರಮವನ್ನು ತಪ್ಪಿದವು. ಕುತೂಹಲದ ವಿಷಯವೆಂದರೆ, ಯಾವ ರೋಗವೂ ಇಲ್ಲದ ಹನ್ನೆರಡು ಬೆಕ್ಕುಗಳೂ ರೋಗಿಗಳಂತೆಯೇ ವರ್ತಿಸಿದವು. ನಮಗೆ ಅತಿ ಸಣ್ಣದೆನಿಸುವ ಬದಲಾವಣೆಯೊಂದೇ ಆರೋಗ್ಯವಂತ ಬೆಕ್ಕನ್ನು ರೋಗಿಯಂತೆ ಮಾಡಬಲ್ಲುದು.

ಇದರ ಬಗೆ ಹೀಗೆ: ಭಯವುಂಟಾದಾಗ ಮೂತ್ರಪಿಂಡಗಳ ಸಮೀಪದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಸುರಿಯುತ್ತವೆ. ಗುಂಡಿಗೆಯ ಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ಸಕ್ಕರೆಯನ್ನು ಹೊರಹಾಕುತ್ತದೆ. ಓಡಿ ಪಾರಾಗಬೇಕಾದ ಕೆಲವು ನಿಮಿಷಗಳಿಗೆ ಈ ಏರ್ಪಾಡು ಉಪಯುಕ್ತ. ವಾರಗಟ್ಟಲೆ ಮುಂದುವರಿದರೆ ಹಾನಿಕರ. ಮುದಿಬೆಕ್ಕಿನಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ. ಕೀಲುನೋವಿರುವ ಬೆಕ್ಕು ಓಡಿಹೋಗಲಾರದು. ಓಡಲಾರೆನೆಂಬುದರಿಂದಲೇ ಅದರ ಭಯ ಬೆಳೆಯುತ್ತದೆ. ಭಯದಿಂದ ಊಟ ತಗ್ಗುತ್ತದೆ. ಊಟ ತಗ್ಗಿದಂತೆ ದೇಹ ಇನ್ನಷ್ಟು ಕುಗ್ಗುತ್ತದೆ. ಈ ಚಕ್ರವನ್ನು ಎಲ್ಲಿಯಾದರೂ ಒಂದೆಡೆ ತುಂಡರಿಸುವುದೇ ಆರೈಕೆ.

ಮುಪ್ಪಿನ ಮುಖ್ಯ ರೋಗಗಳು

ಮೊದಲನೆಯದು ಮೂತ್ರಪಿಂಡಗಳ ಕ್ಷಯ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರಕ್ಕೆ ಒಂದನ್ನು ಇದು ಹಿಡಿಯುತ್ತದೆ. ಬೆಕ್ಕಿನ ಒಂದೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಸೋಸುನಳಿಗೆಗಳು ಸುಮಾರು ಎರಡು ಲಕ್ಷವಿವೆ. ಒಂದಷ್ಟು ನಶಿಸಿದರೆ ಉಳಿದವು ಅವುಗಳ ಹೊರೆಯನ್ನು ಹೊರುತ್ತವೆ; ಹೊರಗೆ ಏನೂ ಕಾಣುವುದಿಲ್ಲ. ಮೂರರಲ್ಲಿ ಎರಡು ಪಾಲು ನಶಿಸಿದ ಮೇಲೆ ಮೂತ್ರವನ್ನು ಗಾಢಗೊಳಿಸುವ ಶಕ್ತಿ ಕುಂದುತ್ತದೆ. ನಾಲ್ಕರಲ್ಲಿ ಮೂರು ಪಾಲು ಹೋದ ಬಳಿಕವೇ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಲ್ಮಷಗಳ ಏರಿಕೆ ಕಾಣುವುದು. ಆರೋಗ್ಯವಂತ ಬೆಕ್ಕಿನ ಮೂತ್ರದ ವಿಶಿಷ್ಟ ಗುರುತ್ವವು ಸಾಮಾನ್ಯವಾಗಿ 1.035ಕ್ಕಿಂತ ಹೆಚ್ಚು. ಪಿಂಡಗಳು ಸೋತಾಗ ಅದು 1.010ರ ಆಸುಪಾಸಿಗೆ ಇಳಿಯುತ್ತದೆ. ಆಗ ಬೆಕ್ಕು ಹೆಚ್ಚು ಮೂತ್ರ ಮಾಡುತ್ತದೆ. ಕಳೆದುಕೊಂಡ ನೀರನ್ನು ತುಂಬಿಕೊಳ್ಳಲು ಹೆಚ್ಚು ಕುಡಿಯುತ್ತದೆ. ನಲ್ಲಿಯ ಕೆಳಗೆ ಕಾದು ಕುಳಿತ ನಮ್ಮ ಕೆಂಚ ಆಡಿದ ಮಾತು ಇದೇ ಆಗಿತ್ತು.

ನಶಿಸಿದ ನಳಿಗೆಗಳು ಮತ್ತೆ ಹುಟ್ಟುವುದಿಲ್ಲ. ಆದರೆ ರಂಜಕವನ್ನು ಮಿತಗೊಳಿಸಿದ ವಿಶೇಷ ಆಹಾರದಿಂದ ರೋಗದ ನಡೆ ನಿಧಾನವಾಗುತ್ತದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ವಿಜ್ಞಾನಿಗಳು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಆಹಾರವನ್ನು ತಿಂದ ಬೆಕ್ಕುಗಳ ಮಧ್ಯಮ ಆಯುಸ್ಸು ರೋಗನಿರ್ಣಯದ ತರುವಾಯ 633 ದಿನ. ತಿನ್ನದವುಗಳದು 264 ದಿನ. ಆಹಾರ ಒಗ್ಗದೆ ಹೊರಗುಳಿದ ಬೆಕ್ಕುಗಳೇ ಎರಡನೆಯ ಗುಂಪಾದುದರಿಂದ ಈ ಹೋಲಿಕೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ಅಂತರ ಕಡೆಗಣಿಸುವಂಥದಲ್ಲ.

ಎರಡನೆಯದು ಥೈರಾಯಿಡ್ ಗ್ರಂಥಿಯ ಅತಿಚಟುವಟಿಕೆ. ಬೆಕ್ಕುಗಳಲ್ಲಿ ಈ ರೋಗವನ್ನು ಮೊದಲು ವಿವರಿಸಿದ್ದು 1979ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಇದರ ಲಕ್ಷಣ ನಮ್ಮನ್ನು ಮೋಸಗೊಳಿಸುವಂಥದು. ಬೆಕ್ಕು ಚೆನ್ನಾಗಿ ತಿನ್ನುತ್ತದೆ, ಮರಿಯಂತೆ ಚುರುಕಾಗಿ ಓಡಾಡುತ್ತದೆ. ಆದರೂ ದಿನದಿನಕ್ಕೆ ಬಡವಾಗುತ್ತದೆ. ಇದರ ಒಂದು ಚಿಕಿತ್ಸೆ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಿಯವಾಗತಕ್ಕದ್ದು. ದೇಹದಲ್ಲಿ ಅಯೊಡೀನನ್ನು ಹೀರಿ ಕೂಡಿಡುವ ಅಂಗ ಮುಖ್ಯವಾಗಿ ಥೈರಾಯಿಡ್ ಒಂದೇ. ವಿಕಿರಣಶೀಲ ಅಯೊಡೀನ್-131ನ್ನು ಚುಚ್ಚುಮದ್ದಾಗಿ ಕೊಟ್ಟರೆ ಅದು ತಾನಾಗಿಯೇ ಹೋಗಿ ಕೆರಳಿದ ಜೀವಕೋಶಗಳನ್ನು ಸೇರುತ್ತದೆ. ಅದು ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರಿಗಿಂತ ದೂರ ಸಾಗಲಾರವು. ಆದುದರಿಂದ ರೋಗಪೀಡಿತ ಕೋಶಗಳು ಸಾಯುತ್ತವೆ, ನೆರೆಯ ಅಂಗಗಳು ಬಹುಮಟ್ಟಿಗೆ ಉಳಿಯುತ್ತವೆ. ಅದರ ಅರ್ಧಾಯುಸ್ಸು ಸುಮಾರು 8 ದಿನ. ಹತ್ತು ಅರ್ಧಾಯುಸ್ಸುಗಳು, ಅಂದರೆ 80 ದಿನಗಳು ಕಳೆದರೆ ಸಾವಿರಕ್ಕೆ ಒಂದು ಪಾಲು ಸಹ ಉಳಿಯುವುದಿಲ್ಲ. ಈ ಸೌಕರ್ಯವಿಲ್ಲದ ಕಡೆ ದಿನವೂ ಕೊಡುವ ಮಾತ್ರೆಗಳಿಂದ ರೋಗವನ್ನು ಹತೋಟಿಯಲ್ಲಿಡುತ್ತಾರೆ.

ಮೂರನೆಯದು ಕೀಲುಗಳ ಸವೆತ. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಕ್ಷಕಿರಣ ಚಿತ್ರಗಳನ್ನು ಪರೀಕ್ಷಿಸಿದ 2002ರ ಅಧ್ಯಯನವೊಂದರಲ್ಲಿ ತೊಂಬತ್ತರಲ್ಲಿ ಈ ಸವೆತ ಕಂಡುಬಂದಿತು. ಬೆಕ್ಕು ಕುಂಟುವುದು ಅಪರೂಪ. ಅದು ಜಿಗಿಯುವುದನ್ನು ನಿಲ್ಲಿಸುತ್ತದೆ. ಮೈ ನೆಕ್ಕಿಕೊಳ್ಳಲು ಬಾಗಲಾರದೆ ಬೆನ್ನಿನ ಕೂದಲು ಗಂಟುಗಟ್ಟುತ್ತದೆ. ನಾಲ್ಕನೆಯದು ರಕ್ತದೊತ್ತಡ. ಇದು ಮೊದಲೆರಡು ರೋಗಗಳ ಜೊತೆಗಾರ. ನಿನ್ನೆಯವರೆಗೆ ಸರಿಯಾಗಿ ನೋಡುತ್ತಿದ್ದ ಬೆಕ್ಕು ಇಂದು ಗೋಡೆಗೆ ಹಾಯತೊಡಗಿದರೆ ಒತ್ತಡದಿಂದ ಅಕ್ಷಿಪಟ ಕಳಚಿರಬಹುದು. ಆಗ ಗಂಟೆಗಳಲ್ಲಿ ವೈದ್ಯರನ್ನು ಕಾಣಬೇಕೇ ಹೊರತು ದಿನಗಳಲ್ಲಲ್ಲ. ಕೊನೆಯದು ಮಿದುಳಿನ ಮುಪ್ಪು. ನಡುರಾತ್ರಿ ಕಾರಣವಿಲ್ಲದೆ ಕೂಗುವುದು, ಬಾಗಿಲು ಯಾವುದೆಂದು ಮರೆಯುವುದು ಇದರ ಕುರುಹುಗಳು. ಆದರೆ ನೋವು, ಥೈರಾಯಿಡ್, ರಕ್ತದೊತ್ತಡಗಳು ಕಾರಣವಲ್ಲವೆಂದು ಖಚಿತವಾದ ಮೇಲೆಯೇ ಈ ನಿರ್ಣಯಕ್ಕೆ ಬರಬೇಕು.

ಅಳತೆಯೆಂಬ ಭಾಷೆ

ಮಾತನಾಡದ ಪ್ರಾಣಿಯೊಡನೆ ಮಾತನಾಡಲು ನಮಗಿರುವ ಭಾಷೆ ಅಳತೆ. ಅಗತ್ಯವಾದ ಉಪಕರಣಗಳು ಮೂರೇ: ತಕ್ಕಡಿ, ಅಳತೆಯ ಲೋಟ, ಗಡಿಯಾರ.

ಮೊದಲು ತೂಕ. ಮೂತ್ರಪಿಂಡಗಳ ರೋಗಕ್ಕೆ ತುತ್ತಾದ 569 ಬೆಕ್ಕುಗಳ ಹಳೆಯ ದಾಖಲೆಗಳನ್ನು ಹುಡುಕಿ ನೋಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ವೈದ್ಯರು ರೋಗವನ್ನು ಗುರುತಿಸುವುದಕ್ಕೆ ಮೂರು ವರ್ಷಗಳಷ್ಟು ಮೊದಲೇ ತೂಕ ಇಳಿಯತೊಡಗಿತ್ತೆಂದು ಅದರಿಂದ ತಿಳಿದುಬಂದಿತು. ಕೊನೆಯ ಒಂದು ವರ್ಷದಲ್ಲಿ ಇಳಿಕೆಯ ಮಧ್ಯಮ ಮೌಲ್ಯ ಶೇಕಡ 8.9. ಪ್ರಯೋಗಶಾಲೆಗಿಂತ ಮೊದಲೇ ಅಡುಗೆಮನೆಯ ತಕ್ಕಡಿ ಮುನ್ಸೂಚನೆಯನ್ನು ಕೊಡಬಲ್ಲುದೆಂದಾಯಿತು.

ಇಲ್ಲಿ ವಿದ್ಯಾರ್ಥಿಮಿತ್ರರು ಒಂದು ದೋಷವನ್ನು ಗಮನಿಸಬೇಕು. ಹಲವರು ಬೆಕ್ಕನ್ನು ಎತ್ತಿಕೊಂಡು ಮನುಷ್ಯರನ್ನು ತೂಗುವ ಯಂತ್ರದ ಮೇಲೆ ನಿಂತು, ಅನಂತರ ತಾವೊಬ್ಬರೇ ನಿಂತು, ಎರಡನ್ನೂ ಕಳೆಯುತ್ತಾರೆ. ಯಂತ್ರವು ಒಂದೊಂದು ಸಲವೂ 100 ಗ್ರಾಂ ತಪ್ಪು ತೋರಿಸಬಹುದೆಂದು ಭಾವಿಸಿದರೆ ವ್ಯತ್ಯಾಸದಲ್ಲಿ 200 ಗ್ರಾಂ ತಪ್ಪು ಸೇರಬಹುದು. ಅರವತ್ತು ಕಿಲೋಗ್ರಾಮಿನಲ್ಲಿ ಇದು ಏನೂ ಅಲ್ಲ; 3 ಕಿಲೋಗ್ರಾಂ 300 ಗ್ರಾಮಿನಲ್ಲಿ ಶೇಕಡ ಆರು. ಕೆಲವು ತಿಂಗಳುಗಳ ನಿಜವಾದ ಇಳಿಕೆ ಈ ದೋಷದಲ್ಲಿ ಮುಳುಗಿಹೋಗುತ್ತದೆ. ಎರಡು ದೊಡ್ಡ ಸಂಖ್ಯೆಗಳನ್ನು ಕಳೆದು ಸಣ್ಣ ಸಂಖ್ಯೆಯನ್ನು ಪಡೆಯುವುದು ಯಾವ ಪ್ರಯೋಗದಲ್ಲಿಯೂ ಅಪಾಯಕಾರಿ. ಆದುದರಿಂದ ಸಣ್ಣ ತಕ್ಕಡಿಯ ಮೇಲೆ ಒಂದು ರಟ್ಟಿನ ಡಬ್ಬವನ್ನಿಟ್ಟು, ಅದರೊಳಗೆ ಬೆಕ್ಕನ್ನು ಕೂರಿಸಿ ತೂಗಬೇಕು. ತಿಂಗಳಿಗೊಮ್ಮೆ, ಬೆಳಗಿನ ಊಟಕ್ಕೆ ಮೊದಲು ತೂಗಿ, ನಕ್ಷೆಯ ಕಾಗದದ ಮೇಲೆ ಚುಕ್ಕೆಯಿಡಬೇಕು. ಒಂದು ಚುಕ್ಕೆಯಿಂದ ಏನೂ ತಿಳಿಯದು. ಗೆರೆಯ ಇಳಿಜಾರಿನಿಂದ ಎಲ್ಲವೂ ತಿಳಿಯುತ್ತದೆ.

ಎರಡನೆಯದು ನೀರು. ಬೆಳಿಗ್ಗೆ ಅಳೆದು ಬಟ್ಟಲಿಗೆ ಸುರಿದು, ಮರುದಿನ ಉಳಿದುದನ್ನು ಅಳೆಯಿರಿ. ಅದೇ ಅಳತೆಯ ಇನ್ನೊಂದು ಬಟ್ಟಲನ್ನು ಬೆಕ್ಕಿಗೆ ಎಟುಕದೆಡೆ ಇಟ್ಟರೆ ಆವಿಯಾದ ನೀರೆಷ್ಟೆಂದು ತಿಳಿಯುತ್ತದೆ; ಅದನ್ನು ಕಳೆಯಿರಿ. ದೇಹದ ಒಂದು ಕಿಲೋಗ್ರಾಮಿಗೆ ದಿನಕ್ಕೆ 100 ಮಿಲಿಲೀಟರನ್ನು ಮೀರಿದರೆ ಅದು ನಿಶ್ಚಯವಾಗಿಯೂ ಅತಿ. ಅದಕ್ಕಿಂತ ಕಡಮೆಯಿದ್ದರೂ ಹಿಂದಿನ ತಿಂಗಳಿಗಿಂತ ಇಮ್ಮಡಿಯಾಗಿದ್ದರೆ ಉಪೇಕ್ಷಿಸಲಾಗದು.

ಮೂರನೆಯದು ಉಸಿರು. ಗಾಢನಿದ್ರೆಯಲ್ಲಿರುವಾಗ ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿರಿ. ಮೂವತ್ತನ್ನು ಮತ್ತೆ ಮತ್ತೆ ಮೀರಿದರೆ ಹೃದಯವನ್ನೋ ಶ್ವಾಸಕೋಶವನ್ನೋ ಪರೀಕ್ಷಿಸಬೇಕು.

ನೋವನ್ನು ಸಹ ಅಳೆಯಬಹುದೆಂದರೆ ಅಚ್ಚರಿಯಾದೀತು. ಕೆನಡದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖಭಾವದ ಮಾಪಕವೊಂದನ್ನು ರಚಿಸಿದರು. ಕಿವಿಗಳ ನಿಲುವು, ಕಣ್ಣುಗಳ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ನಿಲುವು, ಹೆಗಲಿಗೆ ಹೋಲಿಸಿದಂತೆ ತಲೆಯ ಎತ್ತರ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವುದು. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ನೋವುಶಾಮಕ ಅವಶ್ಯವೆಂದು ಎಣಿಸುತ್ತಾರೆ.

ಮನೆಯೊಳಗಿನ ಭೌತಶಾಸ್ತ್ರ

ಚಳಿಯನ್ನು ಮೊದಲು ನೋಡೋಣ. 64 ಕಿಲೋಗ್ರಾಮಿನ ಮನುಷ್ಯನು 4 ಕಿಲೋಗ್ರಾಮಿನ ಬೆಕ್ಕಿನ ಹದಿನಾರು ಪಟ್ಟು ತೂಗುತ್ತಾನೆ. ಆಕಾರ ಒಂದೇ ತೆರನೆಂದು ಭಾವಿಸಿದರೆ ಅವನ ಮೈಯ ಹೊರಮೈ ಆರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಹಾಗಾಗಿ ಒಂದು ಕಿಲೋಗ್ರಾಮಿಗೆ ಲೆಕ್ಕ ಹಾಕಿದರೆ ಬೆಕ್ಕಿನ ಹೊರಮೈ ನಮ್ಮದಕ್ಕಿಂತ ಎರಡೂವರೆ ಪಟ್ಟು. ಶಾಖ ಸೋರಿಹೋಗುವುದು ಹೊರಮೈಯಿಂದಲೇ. ಬೆಕ್ಕಿನ ಮೈಯ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಶಾಖಕ್ಕಾಗಿ ಹೆಚ್ಚಿನ ಶಕ್ತಿಯನ್ನು ವ್ಯಯಿಸದೆ ಅದು ಹಿತವಾಗಿರುವುದು ಸುತ್ತಲಿನ ಉಷ್ಣತೆ ಸುಮಾರು 30 ಡಿಗ್ರಿಯಿದ್ದಾಗ. ಜನವರಿಯ ರಾತ್ರಿ ಬೆಂಗಳೂರಿನಲ್ಲಿ 15 ಡಿಗ್ರಿಯ ಸುಮಾರಿಗೆ ಇಳಿಯುವುದು ಸಾಮಾನ್ಯ. ಕೊಬ್ಬು ಕರಗಿದ ಮುದಿಬೆಕ್ಕಿಗೆ ಅದು ಕಡುಚಳಿ. ನಾಲ್ಕು ಕಿಲೋಗ್ರಾಮಿನ ಬೆಕ್ಕು ವಿಶ್ರಾಂತಿಯಲ್ಲಿ ಸುಮಾರು 10 ವ್ಯಾಟುಗಳಷ್ಟು ಶಾಖವನ್ನು ಉತ್ಪಾದಿಸುತ್ತದೆ. ಒಂದು ಲೀಟರು ನೀರು 50 ಡಿಗ್ರಿಯಿಂದ 30ಕ್ಕೆ ಆರುವಾಗ ಬಿಡುವ ಶಾಖ 84 ಕಿಲೋಜೌಲು. ಇದು ಬೆಕ್ಕಿನ ಎರಡು ಗಂಟೆಗೂ ಹೆಚ್ಚಿನ ಗಳಿಕೆಗೆ ಸಮ. ಬಿಸಿನೀರಿನ ಸೀಸೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹಾಸಿಗೆಯ ಒಂದು ಬದಿಗೆ ಇಟ್ಟರೆ ಸಾಕು. ನೀರು ಕುದಿಯುವಂತಿರಬಾರದು, ಬೇಡವೆನಿಸಿದಾಗ ಸರಿದುಕೊಳ್ಳಲು ಎಡೆಯಿರಬೇಕು.

ಎರಡನೆಯದು ಎತ್ತರ. ಒಂದು ಮೀಟರು ಎತ್ತರದ ಕಟ್ಟೆಯಿಂದ ಧುಮುಕಿದ ನಾಲ್ಕು ಕಿಲೋಗ್ರಾಮಿನ ಬೆಕ್ಕು ಗಂಟೆಗೆ ಸುಮಾರು 16 ಕಿಲೋಮೀಟರು ವೇಗದಲ್ಲಿ ನೆಲವನ್ನು ಮುಟ್ಟುತ್ತದೆ. ಸುಮಾರು 39 ಜೌಲುಗಳಷ್ಟು ಶಕ್ತಿಯನ್ನು ಅದರ ಮುಂಗಾಲಿನ ಕೀಲುಗಳು ಒಂದೇ ಏಟಿಗೆ ತಡೆದುಕೊಳ್ಳಬೇಕು. ನಡುವೆ ಅರ್ಧ ಮೀಟರಿನ ಒಂದು ಸ್ಟೂಲನ್ನು ಇಟ್ಟರೆ ಒಂದೊಂದು ಏಟೂ ಅರ್ಧಕ್ಕೆ ಇಳಿಯುತ್ತದೆ. ನಾವು ಕೆಂಚನಿಗೆ ಹೀಗೆ ಎರಡು ಮೆಟ್ಟಿಲು ಮಾಡಿಕೊಟ್ಟ ವಾರವೇ ಅದು ಕಿಟಕಿಯ ಕಟ್ಟೆಗೆ ಮರಳಿತು. ಕಾಂಪೌಂಡಿನ ಗೋಡೆಯನ್ನು ಹಾರಿ ಹೊರಗೆ ಹೋಗಲಾರದ ಬೆಕ್ಕಿಗೆ ಮನೆಯೊಳಗೆ ಅಂಚು ತಗ್ಗಾದ ಮರಳಿನ ತಟ್ಟೆಯನ್ನು ಇಡಬೇಕು. ಎಲ್ಲೆಂದರಲ್ಲಿ ಮೂತ್ರ ಮಾಡುವುದು ತುಂಟತನವಲ್ಲ. ಬಹಳ ಸಲ ಅದು ಕೀಲುನೋವಿನ ಅಥವಾ ಮೂತ್ರದ ತೊಂದರೆಯ ಸೂಚನೆ.

ಮೂರನೆಯದು ಶಬ್ದ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಕೇಳಿದರೆ ಬೆಕ್ಕಿನದು 85,000ದವರೆಗೆ ಕೇಳುತ್ತದೆ. ಪಟಾಕಿ ಸಿಡಿದ ಜಾಗದಿಂದ 4 ಮೀಟರು ದೂರದಲ್ಲಿ ಶಬ್ದ 125 ಡೆಸಿಬೆಲನ್ನು ಮೀರಬಾರದೆಂದು ಭಾರತ ಸರಕಾರದ 1999ರ ನಿಯಮ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ 6 ಡೆಸಿಬೆಲ್ ತಗ್ಗುತ್ತದೆ. 32 ಮೀಟರು ದೂರಕ್ಕೆ ಹೋದರೂ ಇನ್ನೂ 107 ಉಳಿಯುತ್ತದೆ. ದೂರವೊಂದೇ ಸಾಲದು, ಗೋಡೆಗಳೂ ಬಟ್ಟೆಗಳೂ ಬೇಕು. ದೀಪಾವಳಿಯ ದಿನಗಳಲ್ಲಿ ಮನೆಯ ನಟ್ಟನಡುವಿನ ಕೋಣೆಯ ಕಿಟಕಿಗಳನ್ನು ಮುಚ್ಚಿ, ಕಂಬಳಿಗಳ ನಡುವೆ ಒಂದು ರಟ್ಟಿನ ಪೆಟ್ಟಿಗೆಯನ್ನು ಇಡಿರಿ. ಪೆಟ್ಟಿಗೆ ಕೇವಲ ಆಟದ ವಸ್ತುವಲ್ಲ. ನೆದರ್‌ಲ್ಯಾಂಡ್ಸಿನ ಪ್ರಾಣಿಧಾಮವೊಂದರಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ 10ಕ್ಕೆ ಮಾತ್ರ ಅಡಗಲು ಪೆಟ್ಟಿಗೆಯನ್ನು ಕೊಟ್ಟರು. ಅವು ಮೂರು ನಾಲ್ಕು ದಿನಗಳಲ್ಲಿಯೇ, ಉಳಿದ ಒಂಬತ್ತಕ್ಕಿಂತ ಬೇಗ ಶಾಂತವಾದುವೆಂದು 2014ರಲ್ಲಿ ವರದಿಯಾಯಿತು. ಅಡಗಿದ ಬೆಕ್ಕನ್ನು ಎಳೆದು ಮುದ್ದಿಸುವುದು ಪ್ರೀತಿಯಲ್ಲ. ಅದರ ಏಕೈಕ ಆಶ್ರಯವನ್ನು ಕಸಿದಂತೆ.

ಅನ್ನ, ನೀರು, ಔಷಧ

ಬೆಕ್ಕಿಗೆ ಹಾಲೇ ಊಟವೆಂಬುದು ನಮ್ಮ ನಂಬಿಕೆ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ಭೇದಿಯಾಗಿ ನೀರು ನಷ್ಟವಾಗುತ್ತದೆ. ಶಾಕಾಹಾರಿಗಳ ಮನೆಗಳಲ್ಲಿ ಮೊಸರನ್ನವನ್ನು ಹಾಕಿ ಸಾಕುವುದುಂಟು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ವಸ್ತು ಅತ್ಯವಶ್ಯ. ಅದನ್ನು ಸಾಕಷ್ಟು ತಯಾರಿಸಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಟಾರಿನ್ ಕೊರತೆಯಿಂದ ಅಕ್ಷಿಪಟ ಕೆಡುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ಸೋಲುವುದೆಂದು 1987ರಲ್ಲಿಯೂ ಸಿದ್ಧವಾಯಿತು. ಅದು ದೊರೆಯುವುದು ಮಾಂಸ ಮೀನುಗಳಲ್ಲಿ. ಯೌವನದಲ್ಲಿ ಬೆಕ್ಕು ಇಲಿ ಹಲ್ಲಿಗಳನ್ನು ಹಿಡಿದು ಈ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಬೇಟೆಯಾಡಲಾರದ ಮುಪ್ಪಿನಲ್ಲಿ ಮೊಸರನ್ನ ಮಾತ್ರ ಉಳಿಯುತ್ತದೆ. ಆಗ ಟಾರಿನ್ ಬೆರೆತ ಸಿದ್ಧ ಆಹಾರವನ್ನು ಕೊಡುವುದು ನಮ್ಮ ಕರ್ತವ್ಯ.

ಬೆಕ್ಕು ನೀರು ಕುಡಿಯುವ ಬಗೆಯನ್ನು ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ವಿಜ್ಞಾನಿಗಳೂ ಅವರ ಸಂಗಡಿಗರೂ 2010ರಲ್ಲಿ ವೇಗದ ಚಿತ್ರಗಳಿಂದ ವಿವರಿಸಿದರು. ನಾಲಿಗೆಯ ತುದಿ ನೀರನ್ನು ಮುಟ್ಟಿ ಮೇಲೇಳುವಾಗ ಒಂದು ನೀರಿನ ಕಂಬವೂ ಮೇಲೇಳುತ್ತದೆ. ಗುರುತ್ವವು ಅದನ್ನು ಕೆಳಗೆಳೆಯುವ ಮುನ್ನವೇ ಬೆಕ್ಕು ಬಾಯಿ ಮುಚ್ಚುತ್ತದೆ. ಒಂದು ಸಲಕ್ಕೆ ಸಿಗುವುದು ಸುಮಾರು ಏಳರಲ್ಲೊಂದು ಮಿಲಿಲೀಟರು. ಅಂದರೆ ಇನ್ನೂರು ಮಿಲಿಲೀಟರಿಗೆ ನಾಲಿಗೆ ಸುಮಾರು ಸಾವಿರದ ನಾನೂರು ಸಲ ಆಡಬೇಕು. ಕತ್ತು ಬಗ್ಗಿಸಲು ನೋಯುವ ಮುದಿಬೆಕ್ಕಿಗೆ ಇದು ಸಣ್ಣ ಕೆಲಸವಲ್ಲ. ಆದುದರಿಂದ ಬಟ್ಟಲನ್ನು ಒಂದು ಮಣೆಯ ಮೇಲಿಟ್ಟು ಎತ್ತರಿಸುವುದು, ಆಹಾರದಲ್ಲಿಯೇ ನೀರನ್ನು ಬೆರೆಸುವುದು ಹಿತಕರ.

ಎರಡು ದಿನ ಪೂರ್ತಿ ಊಟ ಬಿಟ್ಟರೆ ಕಾಯುತ್ತ ಕೂರಬಾರದು. ಉಪವಾಸದಲ್ಲಿ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನೇ ಕೆಡಿಸುವ ಪ್ರವೃತ್ತಿ ಬೆಕ್ಕಿನಲ್ಲಿದೆ. ಸ್ಥೂಲಕಾಯದ ಬೆಕ್ಕಿನಲ್ಲಿ ಇನ್ನೂ ಹೆಚ್ಚು. ನಮ್ಮ ಮನೆಯ ಔಷಧಗಳನ್ನು ಕೊಡುವುದು ಅದಕ್ಕಿಂತ ಘೋರ. ಪ್ಯಾರಸಿಟಮಾಲನ್ನು ನಿರ್ವಿಷಗೊಳಿಸುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಇಲ್ಲವೆನ್ನುವಷ್ಟು ಕಡಮೆ. ನಮ್ಮ ಜ್ವರವನ್ನಿಳಿಸುವ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಹೂಗುಚ್ಛಗಳಲ್ಲಿ ಬರುವ ಲಿಲಿಯ ಎಲೆ, ಪರಾಗಗಳೂ ಅದರ ಮೂತ್ರಪಿಂಡಗಳಿಗೆ ವಿಷ.

ವೈದ್ಯರ ಬಳಿಗೆ

ಆಸ್ಪತ್ರೆಯ ಪ್ರಯಾಣವೇ ಬೆಕ್ಕಿಗೆ ದೊಡ್ಡ ಬೇಗುದಿ. ಅದರ ಪರಿಣಾಮ ಪರೀಕ್ಷೆಯ ಅಂಕಿಗಳಲ್ಲಿಯೂ ಕಾಣುತ್ತದೆ. ಮನೆಯ ಶಾಂತ ವಾತಾವರಣಕ್ಕೆ ಹೋಲಿಸಿದರೆ ಪರೀಕ್ಷೆಯ ಹೊತ್ತಿನಲ್ಲಿ ರಕ್ತದೊತ್ತಡ ಸರಾಸರಿ ಸುಮಾರು 18 ಮಿಲಿಮೀಟರು ಏರುವುದೆಂದು 1999ರ ಪ್ರಯೋಗವೊಂದು ತೋರಿಸಿತು. ರಕ್ತದ ಸಕ್ಕರೆಯೂ ಮಧುಮೇಹವೆನಿಸುವಷ್ಟು ಏರಬಹುದು. ಅಳೆಯುವ ಕ್ರಿಯೆಯೇ ಅಳತೆಯನ್ನು ಕೆಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. ಆದುದರಿಂದ ಒಯ್ಯುವ ಬುಟ್ಟಿಯನ್ನು ವರ್ಷವೆಲ್ಲ ಮನೆಯಲ್ಲಿ ತೆರೆದಿಟ್ಟು, ಅದರಲ್ಲಿ ಮಲಗುವ ಅಭ್ಯಾಸ ಮಾಡಿಸಿರಿ. ಹೊರಡುವಾಗ ಪರಿಚಿತ ವಾಸನೆಯ ಬಟ್ಟೆಯನ್ನು ಹೊದಿಸಿರಿ. ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನೆಲದ ಮೇಲೆ, ನಾಯಿಗಳ ಮೂತಿಯ ಎದುರು ಇಡಬೇಡಿರಿ. ಒತ್ತಡವನ್ನು ಅಳೆಯುವ ಮೊದಲು ಐದು ಹತ್ತು ನಿಮಿಷ ಸುಮ್ಮನಿರಲು ಬಿಟ್ಟು, ಹಲವು ಸಲ ಅಳೆಯುವಂತೆ ವೈದ್ಯರನ್ನು ಕೇಳಿಕೊಳ್ಳಿರಿ. ನಿಮ್ಮ ತೂಕದ ನಕ್ಷೆಯನ್ನು ಮರೆಯದೆ ಕೊಂಡೊಯ್ಯಿರಿ. ಹತ್ತು ವರ್ಷ ದಾಟಿದ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಉತ್ತಮ. ಹೆಬ್ಬಾಳ, ಶಿವಮೊಗ್ಗ, ಹಾಸನಗಳಂಥ ಊರುಗಳ ಪಶುವೈದ್ಯ ಕಾಲೇಜುಗಳ ಸಮೀಪದಲ್ಲಿರುವವರು ಅವುಗಳ ಚಿಕಿತ್ಸಾಲಯಗಳನ್ನು ಉಪಯೋಗಿಸಿಕೊಳ್ಳಬಹುದು.

ಎಲ್ಲ ಆರೈಕೆಗೂ ಒಂದು ಕೊನೆಯಿದೆ. ಊಟ, ನಿದ್ರೆ, ಮೈ ನೆಕ್ಕಿಕೊಳ್ಳುವ ಅಚ್ಚುಕಟ್ಟು, ನಮ್ಮ ಬಳಿಗೆ ತಾನಾಗಿ ಬರುವ ಆಸೆ ಇವು ಒಂದೊಂದಾಗಿ ಹೋದಾಗ, ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚಾದಾಗ, ನೋವಿಲ್ಲದ ಬಿಡುಗಡೆಯನ್ನು ಕುರಿತು ವೈದ್ಯರೊಡನೆ ಮಾತನಾಡುವುದು ನಿರ್ದಯತೆಯಲ್ಲ. ಆ ನಿರ್ಧಾರಕ್ಕೂ ದಿನದಿನದ ಬರವಣಿಗೆಯೇ ಆಧಾರ; ಏಕೆಂದರೆ ಮನಸ್ಸು ಆಗ ನಮಗೆ ಬೇಕಾದುದನ್ನೇ ನೆನಪಿಸುತ್ತದೆ.

ಕೆಂಚನಿಗೆ ಈಗ ಹದಿನಾರು. ಔಷಧ ಮತ್ತು ಆಹಾರಗಳಿಂದ ತೂಕ 3 ಕಿಲೋಗ್ರಾಂ 550 ಗ್ರಾಮಿಗೆ ಏರಿ ಅಲ್ಲಿಯೇ ನಿಂತಿದೆ. ಹೋದ ನಳಿಗೆಗಳು ಹೋದವು. ಆ ಒಂದು ವರ್ಷವನ್ನು ನಾವು ಅದಕ್ಕೆ ಹಿಂದಿರುಗಿಸಲಾರೆವು. ಅಡುಗೆಮನೆಯ ಮೊಳೆಗೆ ಒಂದು ನೋಟುಪುಸ್ತಕ ತೂಗುಬಿದ್ದಿದೆ. ಪ್ರತಿ ತಿಂಗಳ ಮೊದಲನೆಯ ಭಾನುವಾರ ಅಣ್ಣನ ಮಗಳು ಬೆಕ್ಕನ್ನು ತೂಗಿ ಅದರಲ್ಲಿ ಬರೆಯುತ್ತಾಳೆ. ನಿಮ್ಮ ಮನೆಯಲ್ಲಿಯೂ ಹತ್ತು ದಾಟಿದ ಬೆಕ್ಕಿದ್ದರೆ ಇಂದೇ ಅದನ್ನು ತೂಗಿ ನೋಡಿರಿ.